ಶೇಂಗಾ ಇಲ್ಲದ ಮನೆ

ಮುಂಡರಗಿಯಲ್ಲಿ ಶೇಂಗಾ ಇಲ್ಲದ ಮನೆ ಯಾವುದು ಎಂದು ಕೇಳಿದರೆ ಜನ ನಕ್ಕುಬಿಡುತ್ತಾರೆ. ರೊಟ್ಟಿಗೆ ಶೇಂಗಾ ಚಟ್ನಿ, ಬದನೆಕಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಪಂಚಮಿಗೆ ಶೇಂಗಾ ಉಂಡಿ. ಇದನ್ನೆಲ್ಲ ಬಿಟ್ಟು ಈ ಕಡೆಯ ಜನ ಹೊಟ್ಟೆ ತುಂಬಿಸಿಕೊಳ್ಳುವುದಾದರೂ ಹೇಗೆ? ಆದರೆ ಅಂಥದೊಂದು ಮನೆ ಇತ್ತು. ಅದೂ ಯಾರದು? ಊರಿಗೆಲ್ಲ ಹುರಿದ ಶೇಂಗಾ ತಿನ್ನಿಸುವ ನಬಿಸಾಬರದು.

ನಬಿಸಾಬ ನಲವತ್ತು ವರ್ಷದಿಂದ ಭಟ್ಟಿ ಹಚ್ಚಿದವರು. ಕಾದ ಉಸುಕಿನಲ್ಲಿ ಚುರಮರಿ, ಪುಟಾಣಿ, ಶೇಂಗಾ ಹುರಿದು, ಕೈಗಾಡಿಯಲ್ಲಿ ಹೇರಿಕೊಂಡು ಬಸ್ ನಿಲ್ದಾಣದ ಮುಂದೆ ನಿಂತರೆಂದರೆ ಗದಗಿನ ಬಸ್ ಹತ್ತುವವರು, ಶಿರಹಟ್ಟಿಯ ಬಸ್ಸಿನಿಂದ ಇಳಿದವರು, ಎಲ್ಲರ ಕೈಯಲ್ಲೂ ಅವರದೇ ಪೊಟ್ಟಣ. ಆರು ವರ್ಷದ ಹಿಂದೆ, ಮೊಮ್ಮಗಳು ಫರ್ಹಾನಾ ನಾಲ್ಕರ ಕೂಸಾಗಿದ್ದಾಗ, ಅಜ್ಜನ ತೊಡೆಯ ಮೇಲೆ ಕೂತು ಅಜ್ಜನ ಕೈಯಿಂದಲೇ ಎರಡು ಕಾಳು ತಿಂದಳು. ಹತ್ತು ನಿಮಿಷದಲ್ಲಿ ತುಟಿ ಬಾತು, ಕಣ್ಣು ಮುಚ್ಚಿ, ಉಸಿರು ಗೊರಗೊರ ಎನ್ನತೊಡಗಿತು. ಗದಗಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸುವಾಗ ಡಾಕ್ಟರು, ಈ ಹುಡುಗಿಗೆ ಜೀವಮಾನವಿಡೀ ಶೇಂಗಾ ವಿಷ ಎಂದು ತಿಳಿಯಿರಿ, ಮುಂದಿನ ಸಲ ಇದಕ್ಕಿಂತ ಜೋರು ಆಗಬಹುದು ಎಂದರು.

ಅಂದಿನಿಂದ ಹಿತ್ತಲಿನ ಭಟ್ಟಿ ಊರ ಹೊರಗಿನ ತಗಡಿನ ಶೆಡ್ಡಿಗೆ ಹೋಯಿತು. ನಬಿಸಾಬ ಸಂಜೆ ಬಂದರೆ ನೇರ ಒಳಗೆ ಬರುವ ಹಾಗಿಲ್ಲ. ಹೊರಗಿನ ನಳದ ಕೆಳಗೆ ಸಾಬೂನು ಹಚ್ಚಿ ಮೈ ತೊಳೆದು, ಲುಂಗಿ ಬದಲಿಸಿ, ಆಮೇಲೆ ಮೊಮ್ಮಗಳ ತಲೆ ಮುಟ್ಟಬೇಕು. ಮನೆಯ ಅಡುಗೆಗೆ ಸೂರ್ಯಕಾಂತಿ ಎಣ್ಣೆ ಬಂತು. ಬದನೆಕಾಯಿಯೊಳಗೆ ಪುಟಾಣಿ ಪುಡಿ ಹೋಯಿತು. ನಬಿಸಾಬರ ಹೆಂಡತಿ ಅಮೀನಬಿಗೆ ಈ ರುಚಿ ಎಂದೂ ಒಗ್ಗಲಿಲ್ಲ. ವಾರಕ್ಕೊಮ್ಮೆ ಎರಡು ಮನೆ ಆಚೆಗಿನ ಅಮೃತವ್ವನ ಕಟ್ಟೆಯ ಮೇಲೆ ಕೂತು, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಅಲ್ಲಿಯೇ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಇದು ಸೊಸೆ ಯಾಸ್ಮೀನಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು. ಮುದುಕಿಯೂ ಎಷ್ಟೆಂದು ಬಿಡಬೇಕು?

ಮನೆಯನ್ನೇನೋ ಕಾಯ್ದುಕೊಂಡರು. ಶಾಲೆಯನ್ನು ಕಾಯುವುದು ಯಾರು? ನಾಲ್ಕನೆಯ ಇಯತ್ತೆಯವರೆಗೆ ತೊಂದರೆ ಇರಲಿಲ್ಲ. ಬಿಸಿಯೂಟ ಮಾಡುವ ಫಕ್ಕೀರವ್ವ ಮೊದಲ ದಿನವೇ ಯಾಸ್ಮೀನಳ ಮಾತು ಕೇಳಿಕೊಂಡು, ಅನ್ನ ಸಾಂಬಾರು ಬಡಿಸುವಾಗ ಫರ್ಹಾನಾಳ ತಾಟಿಗೆ ಮೊದಲು ಹಾಕುತ್ತಿದ್ದಳು. ಉಪ್ಪಿಟ್ಟಿಗೆ ಶೇಂಗಾ ಬಿದ್ದ ದಿನ ಅವಳಿಗೆ ಬೇರೆ ತೆಗೆದಿಡುತ್ತಿದ್ದಳು. ಹುಡುಗಿ ಐದನೆಯ ಇಯತ್ತೆಗೆ ಬಂದ ವರ್ಷ ಶಾಲೆಯಲ್ಲಿ ತತ್ತಿ ಕೊಡಲು ಶುರುವಾಯಿತು. ತತ್ತಿ ತಿನ್ನದವರಿಗೆ ಬಾಳೆಹಣ್ಣು, ಇಲ್ಲವೇ ಚಿಕ್ಕಿ. ಬೆಲ್ಲದ ಪಾಕದಲ್ಲಿ ಶೇಂಗಾ ಹಾಕಿ ಹಚ್ಚಿದ ಚಿಕ್ಕಿ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅಮೃತವ್ವನ ಮಗಳು ರೇಷ್ಮಾ ಚಿಕ್ಕಿ ತಿಂದು, ಬಾಯಾರಿ, ಪಕ್ಕದಲ್ಲಿದ್ದ ಗೆಳತಿ ಫರ್ಹಾನಾಳ ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿದಳು. ಆಮೇಲೆ ಅದರಿಂದಲೇ ಫರ್ಹಾನಾಳೂ ಕುಡಿದಳು. ಇಬ್ಬರೂ ಒಂದನೆಯ ಇಯತ್ತೆಯಿಂದ ಹಾಗೆಯೇ ಕುಡಿಯುತ್ತಿದ್ದವರು. ಕನ್ನಡ ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಫರ್ಹಾನಾಳ ಕತ್ತಿನ ಮೇಲೆ ಕೆಂಪು ಗಂಧೆಗಳು ಎದ್ದವು. ಮುಖ ಊದಿತು. ತಾಲೂಕು ಆಸ್ಪತ್ರೆ ಹತ್ತಿರವೇ ಇದ್ದದ್ದರಿಂದ ಹುಡುಗಿ ಉಳಿದಳು.

ಅಲ್ಲಿನ ಡಾಕ್ಟರು ಯಾಸ್ಮೀನಳ ಕೈಗೆ ಔಷಧದ ಎರಡು ಸಣ್ಣ ಗಾಜಿನ ಕುಪ್ಪಿ ಮತ್ತು ಸಿರಿಂಜು ಕೊಟ್ಟರು. ಒಂದು ಮೋಸಂಬಿ ತರಿಸಿ ಅದಕ್ಕೆ ಚುಚ್ಚಿಸಿ ಚುಚ್ಚಿಸಿ ಕಲಿಸಿದರು. "ತೊಡಿಗೆ ಹಾಕ್ಬೇಕು, ತಡಾ ಮಾಡಬಾರದು. ಹಾಕಿದ ಕೂಡ್ಲೆ ಇಲ್ಲಿಗೆ ಕರಕೊಂಡು ಬರ್ರಿ."

"ಶಾಲಿಯೊಳಗ ಆದ್ರ ಯಾರು ಹಾಕ್ಬೇಕ್ರಿ ಸಾಹೇಬ್ರ?"

"ಯಾರರ ಒಬ್ಬರು ಹಾಕ್ಬೇಕವ್ವಾ," ಎಂದು ಡಾಕ್ಟರು ಮುಂದಿನ ರೋಗಿಯ ಕಡೆ ನೋಡಿದರು.

ಮರುದಿನ ಯಾಸ್ಮೀನ ಮುಖ್ಯಗುರು ಕುಬೇರಪ್ಪನವರ ಮುಂದೆ ಹೋಗಿ ನಿಂತಳು. ಕುಬೇರಪ್ಪನವರು ಕೆಟ್ಟವರಲ್ಲ. ಆದರೆ ಮೇಜಿನ ಮೇಲೆ ಸಿರಿಂಜು ಕಂಡ ಕೂಡಲೇ ಕುರ್ಚಿ ಹಿಂದಕ್ಕೆ ಸರಿಸಿದರು.

"ಸೂಜಿ ಗೀಜಿ ನಮ್ಮ ಕಡೆಯಿಂದ ಆಗೂದಿಲ್ಲ ತಂಗಿ. ಒಂದ್ ಹೋಗಿ ಒಂದಾದ್ರ ನನ್ನ ನೌಕರಿ ಹೋಗತೈತಿ."

"ಹಂಗಾರ ಚಿಕ್ಕಿ ಬಂದ್ ಮಾಡ್ರಿ ಸರ್. ಬಾಳಿಹಣ್ಣು ಕೊಡ್ರಿ ಎಲ್ಲಾರಿಗೂ."

"ಬಾಳಿಹಣ್ಣು ಎರಡ ದಿನಕ್ಕ ಕರ್ರಗಾಗತಾವ. ಚಿಕ್ಕಿ ತಂದಿಟ್ರ ತಿಂಗಳಗಟ್ಟಲೆ ಇರತೈತಿ. ಅಷ್ಟೂ ಹುಡುಗರಿಗೆ ಅದ ಆಸೆ."

"ಅಕಿನ್ನ ಬ್ಯಾರೆ ಕುಂಡ್ರಸಿದ್ರ?" ಎಂದು ಅಲ್ಲಿಯೇ ಇದ್ದ ಒಬ್ಬ ಮೇಷ್ಟ್ರು ಕೇಳಿದರು.

ಕುಬೇರಪ್ಪನವರು ಅವರನ್ನು ದುರುಗುಟ್ಟಿ ನೋಡಿದರು. "ಊಟದಾಗ ಒಂದ ಹುಡುಗಿನ್ನ ಬ್ಯಾರೆ ಕುಂಡ್ರಸಿದ್ರ ಮಂದಿ ಏನ್ ತಿಳಕೋತಾರ? ಅದೂ ಇವರ ಹುಡುಗಿನ್ನ? ನಾಳೆ ಪೇಪರಿನ್ಯಾಗ ನನ್ನ ಫೋಟೋ ಬರತೈತಿ. ಶನಿವಾರ ಪಾಲಕರ ಸಭೆ ಕರಿಯೂಣು. ಎಲ್ಲಾರೂ ಕೂಡಿ ಏನ್ ಹೇಳತಾರ ಹಂಗ ಮಾಡೂಣು."

ಅಂದು ರಾತ್ರಿಯ ಊಟಕ್ಕೆ ಕೂತಾಗ ಮನೆಯಲ್ಲಿಯೇ ಮೊದಲ ಸಭೆ ನಡೆಯಿತು. ಯಾಸ್ಮೀನಳ ಗಂಡ ಸಮೀವುಲ್ಲಾ ಪೇಟೆಯಲ್ಲಿ ಟೇಲರ್. ಇಡೀ ದಿನ ಮಂದಿಯ ಅಳತೆ ತೆಗೆಯುವ ಅವನಿಗೆ ಯಾರ ಮನಸ್ಸನ್ನೂ ನೋಯಿಸುವುದು ಬೇಡ.

"ಅದನ್ನೆಲ್ಲಾ ಸಭೆದಾಗ ಎತ್ತಬ್ಯಾಡ," ಎಂದ ಸಮೀವುಲ್ಲಾ. "ಮಧ್ಯಾಹ್ನ ನೀನ ಹೋಗಿ ಮನಿಗೆ ಕರಕೊಂಡ್ ಬಾ. ಉಣಿಸಿ ಬಿಟ್ಟು ಬಾ."

"ಉಣಿಸಿ ಬಿಟ್ಟ ಮ್ಯಾಲ ಅವರ ಕೈ, ಅವರ ಬೆಂಚು, ಅವರ ಪಾಟಿ ಎಲ್ಲಾ ಇರತಾವಲ್ಲ? ಅದನ್ನೇನ್ ಮಾಡ್ಲಿ?"

ಅಮೀನಬಿ ರೊಟ್ಟಿ ಮುರಿಯುತ್ತ ಅಂದರು, "ನಮ್ಮ ಕೂಸಿಗೆ ಆಗೂದಿಲ್ಲಂದ್ರ ನಾವು ಬಿಟ್ಟೀವಿ. ಆರು ವರ್ಷ ಆತು, ನಾ ಬಾಯಿ ಕಟ್ಟೀನಿ. ಆದ್ರ ಊರ ಮಂದಿ ಬಾಯಿ ಕಟ್ಟಾಕ ನಾವ್ಯಾರು?"

"ನೀವು ಎಷ್ಟು ಬಾಯಿ ಕಟ್ಟೀರಿ ಅಂತ ಅಮೃತವ್ವನ ಕಟ್ಟಿಗೆ ಗೊತ್ತೈತ್ರಿ ಅಮ್ಮಾ," ಎಂದುಬಿಟ್ಟಳು ಯಾಸ್ಮೀನ.

ಅಮೀನಬಿಯ ಮುಖ ಕೆಂಪಾಯಿತು. ನಬಿಸಾಬ ಕೆಮ್ಮಿದರು. ಫರ್ಹಾನಾ ಮಾತ್ರ ಎಲ್ಲರ ಮುಖ ನೋಡುತ್ತ, ತಾಟಿನಲ್ಲಿದ್ದ ಬೇಳೆಯನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದಳು.

ಶನಿವಾರದ ಸಭೆಗೆ ಐವತ್ತು ಮಂದಿ ಬಂದಿದ್ದರು. ಯಾಸ್ಮೀನ ಕಲಿತುಕೊಂಡು ಬಂದ ಮಾತನ್ನೆಲ್ಲ ಹೇಳಿದಳು. ಶೇಂಗಾ ಚಿಕ್ಕಿ ಬೇಡ, ಉಪ್ಪಿಟ್ಟಿಗೆ ಶೇಂಗಾ ಬೇಡ, ಮನೆಯಿಂದ ತರುವ ಡಬ್ಬಿಯಲ್ಲಿ ಶೇಂಗಾ ಚಟ್ನಿ ಬೇಡ, ಉಂಡಿ ಬೇಡ, ಜೇಬಿನಲ್ಲಿ ಹುರಿದ ಶೇಂಗಾ ಬೇಡ. ಕೇಳುವವರಿಗೆ ಪಟ್ಟಿ ಉದ್ದವಾಯಿತು. ಯಾರೂ ಅವಳ ಮುಖ ನೋಡಲಿಲ್ಲ. ಕೊನೆಗೆ ಅಮೃತವ್ವ ಎದ್ದು ನಿಂತಳು.

"ಯಾಸ್ಮೀನ, ನಿನ್ನ ಮಗಳು ನನಗೂ ಮಗಳಿದ್ದಂಗ. ಅಕಿ ಆಸ್ಪತ್ರಿಯೊಳಗ ಇದ್ದಾಗ ನನ್ನ ಮನಿಯಾಗ ಒಲಿ ಹಚ್ಚಿಲ್ಲ. ಆದ್ರ ಒಂದ ಮಾತು ಕೇಳತೀನಿ. ನಾವು ತತ್ತಿ ಮುಟ್ಟೂ ಮಂದಿ ಅಲ್ಲ. ನಿನ್ನ ಮಗಳು ನನ್ನ ಮಗಳ ಬಾಜೂಕ ಕುಂತು ತತ್ತಿ ತಿಂತಾಳ. ರೇಷ್ಮಾಗ ಆ ವಾಸನಿಗೆ ಹೊಟ್ಟಿ ತೊಳಸತೈತಿ. ನಾ ಒಂದ ದಿನರ ಬಂದು ತತ್ತಿ ಬಂದ್ ಮಾಡ್ರಿ ಅಂದೆನೇನು? ಅವರವರ ಊಟ ಅವರವರದು ಅಂತ ಸುಮ್ಮನಿದ್ದೆ. ನಮ್ಮ ಪಾಲಿಗೆ ಇದ್ದದ್ದು ಒಂದ ಚಿಕ್ಕಿ. ಅದನ್ನೂ ತಗೀರಿ ಅಂದ್ರ ಹೆಂಗವ್ವಾ?"

"ಅಕ್ಕಾರ, ತತ್ತಿ ವಾಸನಿಗೆ ಯಾರೂ ಸಾಯೂದಿಲ್ಲ," ಎಂದಳು ಯಾಸ್ಮೀನ.

"ಸಾಯ್ಲಿ ಅಂತ ನಾ ಅಂದೆನೇನು?" ಎಂದಳು ಅಮೃತವ್ವ. ಇಬ್ಬರ ಕಣ್ಣಲ್ಲೂ ನೀರು ಬಂತು, ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು. ನ್ಯಾಯ ಯಾರ ಕಡೆ ಇತ್ತೆಂದು ನನ್ನನ್ನು ಕೇಳಬೇಡಿ. ಇಬ್ಬರ ಮಾತೂ ಖರೆ ಇದ್ದಲ್ಲಿ ಮೂರನೆಯವರು ಬಾಯಿ ಮುಚ್ಚಿಕೊಂಡಿರುವುದೇ ವಾಸಿ.

ಆದರೆ ಸಭೆ ಎಂದ ಮೇಲೆ ಮೂರನೆಯವರು ಸುಮ್ಮನಿರುವುದುಂಟೆ? ಹಿಂದಿನಿಂದ ಒಬ್ಬ ಕೂಗಿದ: "ಮೊದಲ ನಬಿಸಾಬನ ಗಾಡಿ ಬಂದ್ ಮಾಡಸ್ರಿ! ಊರಿಗೆಲ್ಲಾ ಶೇಂಗಾ ಮಾರೂದು, ಶಾಲಿಗೆ ಬಂದು ಶೇಂಗಾ ಬ್ಯಾಡ ಅನ್ನೂದು. ಭಾರಿ ಐತಿ ಇದು!"

ಐವತ್ತು ಮಂದಿ ನಕ್ಕರು. ಬಾಗಿಲ ಬಳಿ ಕೂತಿದ್ದ ನಬಿಸಾಬ ಮೊಣಕಾಲ ಮೇಲೆ ಕೈಯೂರಿ ಎದ್ದರು. ಅವರು ಸಭೆಯಲ್ಲಿ ಮಾತಾಡಿದವರಲ್ಲ.

"ಸೋಮವಾರದಿಂದ ನಾ ಶೇಂಗಾ ಹುರಿಯೂದಿಲ್ಲ," ಎಂದರು. "ಅಷ್ಟು ಸಾಕೇನ್ರಿ?"

ನಗು ನಿಂತುಹೋಯಿತು. ಅಷ್ಟಾದ ಮೇಲೆ ಬೇಡ ಎನ್ನುವ ಬಾಯಿ ಯಾರಿಗೂ ಇರಲಿಲ್ಲ. ಚಿಕ್ಕಿ ಬಂದ್ ಎಂದು ಕುಬೇರಪ್ಪನವರು ಬರೆದುಕೊಂಡರು.

ಮನೆಗೆ ಬಂದ ಮೇಲೆ ಅಮೀನಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಯಾರನ್ನ ಕೇಳಿ ಹೇಳಿದ್ರಿ? ಶೇಂಗಾ ಬಿಟ್ಟು ಗಾಡಿಯೊಳಗ ಏನ್ ಉಳೀತು, ಗಾಲಿ?"

"ಚುರಮರಿ ಅದಾವ, ಪುಟಾಣಿ ಅದಾವ."

"ಚುರಮರಿ ತಿಂದು ಯಾರ ಹೊಟ್ಟಿ ತುಂಬತೈತಿ!"

"ಅಷ್ಟು ಮಂದಿ ಮುಂದ ನನ್ನ ಸೊಸಿ ಒಬ್ಬಾಕೀನ ನಿಂತಿದ್ಲು," ಎಂದರು ನಬಿಸಾಬ. "ನಾ ಕುಂತ ಕೇಳಬೇಕಿತ್ತೇನು?"

ಯಾಸ್ಮೀನ ಒಳಗೆ ಹಿಟ್ಟು ನಾದುತ್ತ ಕೇಳಿಸಿಕೊಂಡಳು. ಮಾವ ತನ್ನ ಪರವಾಗಿ ನಿಂತರೆಂದು ಖುಷಿ ಪಡಬೇಕೋ, ಅವರ ಕೈಯ ಕಸುಬು ತನ್ನಿಂದ ಹೋಯಿತೆಂದು ಅಳಬೇಕೋ ತಿಳಿಯಲಿಲ್ಲ. ಹಿಟ್ಟು ಹದ ತಪ್ಪಿ, ಅಂದಿನ ರೊಟ್ಟಿಗಳೆಲ್ಲ ಹರಿದವು.

ಮುಂದಿನ ವಾರಗಳಲ್ಲಿ ಶಾಲೆ ಶಿಸ್ತಿನಿಂದ ನಡೆದುಕೊಂಡಿತು. ಅದನ್ನು ಒಪ್ಪಲೇಬೇಕು. ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮೇಷ್ಟ್ರು ನಿಂತು ಹುಡುಗರ ಕೈ ಮೂಸಿ ನೋಡಿ ಒಳಗೆ ಬಿಡುತ್ತಿದ್ದರು. ವಾಸನೆ ಬಂದವರು ನಳಕ್ಕೆ ಹೋಗಬೇಕು. ಫಕ್ಕೀರವ್ವ ಅಡುಗೆ ಕೋಣೆಯ ಶೇಂಗಾ ಡಬ್ಬಿಯನ್ನು ಹೊರಗೆ ಹಾಕಿ, ಪಾತ್ರೆಗಳನ್ನೆಲ್ಲ ಬೂದಿಯಿಂದ ಎರಡೆರಡು ಸಲ ತಿಕ್ಕಿದಳು. ತತ್ತಿ ತಿನ್ನದವರಿಗೆ ಬಾಳೆಹಣ್ಣು ಬಂತು. ಕೆಲವು ದಿನ ಬರಲಿಲ್ಲ.

ಬಾರದ ದಿನ ಹುಡುಗರು ಫರ್ಹಾನಾಳನ್ನು ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. "ನಿನ್ನ ಸಲುವಾಗಿ," ಎನ್ನುತ್ತಿದ್ದರು ಅಷ್ಟೆ. ಕೈ ತೊಳೆಯುವ ಸಾಲಿನಲ್ಲಿ ನಿಲ್ಲಬೇಕಾದಾಗ, ಪಂಚಮಿಗೆ ಜೇಬು ಝಾಡಿಸಬೇಕಾದಾಗ, ಎಲ್ಲದಕ್ಕೂ ಅದೊಂದೇ ಮಾತು. ರೇಷ್ಮಾ ಕೂಡ ಈಗ ದಾರಿಯ ಆಚೆ ಬದಿಗೆ ನಡೆಯುತ್ತಿದ್ದಳು. ಮನೆಯಲ್ಲಿ ತಿಂದು ಬಂದಿರುತ್ತೇನೆ, ನಿನಗೆ ತಾಗಿದರೆ ಅವ್ವ ಹೊಡೆಯುತ್ತಾಳೆ ಎಂದಳಂತೆ.

ಇತ್ತ ನಬಿಸಾಬರ ಗಾಡಿಯ ಮುಂದೆ ಗಿರಾಕಿಗಳು ಬಂದು ನಿಂತು, ಶೇಂಗಾ ಇಲ್ಲವೆಂದು ತಿಳಿದು, ಮುಂದಿನ ಗಾಡಿಗೆ ಹೋಗುತ್ತಿದ್ದರು. ಮೂರು ಗಂಟೆಗೆಲ್ಲ ಅವರು ತುಂಬಿದ ಗಾಡಿ ನೂಕಿಕೊಂಡು ಮನೆಗೆ ಬರತೊಡಗಿದರು. ಹೊರಗಿನ ನಳದ ಕೆಳಗೆ ಮೈ ತೊಳೆಯುವ ಅಗತ್ಯ ಈಗ ಇರಲಿಲ್ಲ, ಆದರೂ ತೊಳೆಯುತ್ತಿದ್ದರು. ಮನೆಯಲ್ಲಿ ಕೂತರೆ ಕೈ ಸುಮ್ಮನಿರುತ್ತಿರಲಿಲ್ಲ. ಯಾಸ್ಮೀನಳ ಹತ್ತಿರ ಬಂದು, "ತಾ ಬೇಟಿ, ಅಕ್ಕಿ ಆರಿಸಿ ಕೊಡತೀನಿ," ಎನ್ನುತ್ತಿದ್ದರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಸಂಜೆಯ ತನಕ ಗಂಡಸು ಕೂತಿದ್ದರೆ ಹೆಂಗಸರ ಕೆಲಸ ಸಾಗುವುದುಂಟೆ? ಅಮೀನಬಿ ಅವರ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದರು. ಆರು ವಾರ ಕಳೆಯಿತು. ಅತ್ತೆ ಸೊಸೆಗೆ ನೇರ ಮಾತು ನಿಂತು, ಇಬ್ಬರೂ ಫರ್ಹಾನಾಳ ಮೂಲಕವೇ ಉಪ್ಪು, ಹುಣಸೆ ಕೇಳತೊಡಗಿದ್ದರು.

ಒಂದು ದಿನ ಊಟದ ನಡುವೆ ಫರ್ಹಾನಾ ಅಂದಳು, "ಅಬ್ಬಾ, ಚಿಕ್ಕಿ ವಾಪಸ್ ಕೊಡಾಕ ಹೇಳ್ರಿ. ನಾ ಬ್ಯಾರೆ ಕುಂಡ್ರತೀನಿ."

"ಯಾರು ಹೇಳಿಕೊಟ್ರು ನಿನಗ?" ಯಾಸ್ಮೀನ ಕೈ ತಡೆದು ಕೇಳಿದಳು.

"ಯಾರೂ ಇಲ್ಲ. ನನಗ ಅನಸಿದ್ದು."

"ಬ್ಯಾರೆ ಯಾಕ ಕುಂಡ್ರಬೇಕ ನೀ? ನೀ ಏನ್ ತಪ್ಪು ಮಾಡಿ?"

"ಅವರೇನ್ ತಪ್ಪು ಮಾಡ್ಯಾರ ಅಮ್ಮಿ?"

ಸಮೀವುಲ್ಲಾ ಹೆಂಡತಿಯ ಮುಖ ನೋಡಿದ. ಯಾಸ್ಮೀನ, "ಸುಮ್ಮನ ಉಣ್ಣು," ಎಂದಳು.

ಸೆಪ್ಟೆಂಬರಿನ ಎರಡನೆಯ ವಾರ, ಮಧ್ಯಾಹ್ನ ಎರಡರ ಸುಮಾರಿಗೆ, ರೇಷ್ಮಾ ಕಾಲಲ್ಲಿ ಚಪ್ಪಲಿ ಇಲ್ಲದೆ ಓಡಿ ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖ ನೋಡಿದ್ದೇ ಯಾಸ್ಮೀನ ಕಪಾಟಿನಿಂದ ಔಷಧದ ಚೀಲ ಎಳೆದುಕೊಂಡು ಓಡಿದಳು. ಶಾಲೆ ಎರಡು ಓಣಿ ಆಚೆ. ಕುಬೇರಪ್ಪನವರ ಕೋಣೆಯ ಬೆಂಚಿನ ಮೇಲೆ ಫರ್ಹಾನಾಳನ್ನು ಒರಗಿಸಿ ಕೂರಿಸಿದ್ದರು. ಸುತ್ತ ಏಳೆಂಟು ಮಂದಿ ದೊಡ್ಡವರು. ಒಬ್ಬರು ನೀರು ಹಿಡಿದಿದ್ದರು, ಒಬ್ಬರು ರಟ್ಟಿನಿಂದ ಗಾಳಿ ಹಾಕುತ್ತಿದ್ದರು, ಒಬ್ಬರು ಆಟೋ ತರಲು ಹೋಗಿದ್ದರು. ಹುಡುಗಿಯ ತುಟಿ ನೀಲಿಯಾಗುತ್ತ ಬಂದಿತ್ತು.

ಔಷಧದ ಕುಪ್ಪಿಯ ಗಾಜಿನ ಕತ್ತು ಮುರಿಯುವಾಗ ಯಾಸ್ಮೀನಳ ಬೆರಳು ಕತ್ತರಿಸಿತು. ಸಿರಿಂಜಿಗೆ ಔಷಧ ಎಳೆದುಕೊಳ್ಳಲು ಮೂರು ಸಲ ಪ್ರಯತ್ನಿಸಬೇಕಾಯಿತು. "ಯಾರರ ಹಿಡೀರಿ ಅಕಿನ್ನ!" ಎಂದು ಚೀರಿದಳು. ಯಾರೂ ಮುಂದೆ ಬರಲಿಲ್ಲ. ಅಡುಗೆಯ ಫಕ್ಕೀರವ್ವ ಜನರನ್ನು ನೂಕಿಕೊಂಡು ಬಂದು ಹುಡುಗಿಯ ಕಾಲು ಗಟ್ಟಿಯಾಗಿ ಹಿಡಿದಳು. ಯಾಸ್ಮೀನ ತೊಡೆಗೆ ಸೂಜಿ ಚುಚ್ಚಿದಳು. ಮೋಸಂಬಿಗೆ ಚುಚ್ಚಿದ ಹಾಗಿರಲಿಲ್ಲ ಅದು.

ತಾಲೂಕು ಆಸ್ಪತ್ರೆಯಿಂದ ಗದಗಿಗೆ ಕಳಿಸಿದರು. ನಾಲ್ಕು ದಿನ. ಹುಡುಗಿ ಬದುಕಿ ಬಂದಳು.

ಬಂದ ಮೇಲೆ ಯಾಸ್ಮೀನಳ ಸಿಟ್ಟು ಹೊತ್ತಿಕೊಂಡಿತು. ಯಾರೋ ಬೇಕೆಂದೇ ಹಾಕಿದ್ದಾರೆ, ಹೆಸರು ಹೇಳಿಸುತ್ತೇನೆ, ಪೊಲೀಸರ ತನಕ ಹೋಗುತ್ತೇನೆ ಎಂದು ಕೂಗಾಡಿದಳು. ಅವಳಿಗೆ ಒಬ್ಬರು ಕೆಟ್ಟವರು ಬೇಕಾಗಿದ್ದರು. ಅಂಥವರು ಸಿಕ್ಕರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತದ್ದು ಫಕ್ಕೀರವ್ವ.

ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲ ಆಚೆಯೇ ಕುಕ್ಕರಿಸಿದಳು.

"ನಾ ಶೇಂಗಾ ಮುಟ್ಟಿಲ್ಲವ್ವಾ. ನನ್ನ ಮಕ್ಕಳ ಆಣಿ. ಒಂದ ಕಾಳು ಅಡಗಿ ಮನಿಯೊಳಗ ಬಂದಿಲ್ಲ."

"ಹಂಗಾರ ಹೆಂಗಾತು?" ಯಾಸ್ಮೀನಳ ದನಿ ಗಡುಸಾಗಿತ್ತು. "ಅವತ್ತು ಏನ್ ಬ್ಯಾರೆ ಹಾಕಿದ್ದಿ?"

"ಏನೂ ಇಲ್ಲವ್ವಾ. ದಿನಾ ಹಾಕೂದ ಹಾಕೀನಿ. ಎಣ್ಣಿ ಪಾಕೀಟು ತೀರಿದ್ದು, ಶಾಲಿಗೆ ಇನ್ನೂ ಬಂದಿದ್ದಿಲ್ಲ. ಒಗ್ಗರಣಿ ಇಲ್ಲದ ಸಾಂಬಾರು ಹುಡುಗರು ಉಣ್ಣೂದಿಲ್ಲ ಅಂತ ನನ್ನ ಮನಿಯಿಂದ ಒಂದು ಬಾಟ್ಲಿ ಎಣ್ಣಿ ತಂದೆ. ಡಂಬಳದಾಗ ನಮ್ಮ ಅಣ್ಣನ ಹೊಲದ್ದು. ಗಾಣಕ್ಕ ಹಾಕಿಸಿ ಕೊಟ್ಟಿದ್ದ, ಶುದ್ಧ ಎಣ್ಣಿ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಕಪಟವಿರಲಿಲ್ಲ. ಡಂಬಳದ ಅಣ್ಣನ ಹೊಲದಲ್ಲಿ ಬೆಳೆಯುವುದು ಏನು ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ಅದು ಶೇಂಗಾ ಎಣ್ಣಿ, ಫಕ್ಕೀರವ್ವಾ," ಎಂದರು ಒಳಗಿನಿಂದ ನಬಿಸಾಬ, ಮೆಲ್ಲಗೆ.

"ಹೌದ್ರಿ, ಆದ್ರ ಎಣ್ಣಿಯೊಳಗ ಶೇಂಗಾ ಎಲ್ಲಿ ಇರತೈತ್ರಿ? ಅದೆಲ್ಲಾ ಹಿಂಡಿಯೊಳಗ ಹೋಗಿರತೈತಿ. ಎಣ್ಣಿ ಅಂದ್ರ ಬರೇ ಎಣ್ಣಿ ಅಲ್ರೀ?" ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಎರಡೂ ಕೈಯಿಂದ ಹಣೆ ಬಡಿದುಕೊಂಡು ಅಳತೊಡಗಿದಳು. "ಯಾರೂ ಎಣ್ಣಿ ಅಂತ ಹೇಳಲಿಲ್ಲವ್ವಾ ನನಗ. ಚಿಕ್ಕಿ ಅಂದ್ರಿ, ಚಟ್ನಿ ಅಂದ್ರಿ, ಉಂಡಿ ಅಂದ್ರಿ."

ಅಮೀನಬಿ ಆರು ವಾರಗಳ ಮೇಲೆ ಮೊದಲ ಸಲ ಸೊಸೆಯ ಕಡೆ ತಿರುಗಿ ನೇರ ಮಾತಾಡಿದರು. "ನೀ ಎಣ್ಣಿ ಅಂತ ಹೇಳಿದ್ದೇನು?"

ಯಾಸ್ಮೀನ ಹೇಳಿರಲಿಲ್ಲ. ಅಷ್ಟುದ್ದದ ಪಟ್ಟಿಯಲ್ಲಿ ಅದೊಂದೇ ಇರಲಿಲ್ಲ. ಶಾಲೆಗೆ ಬರುವುದು ಹೇಗೂ ಸೂರ್ಯಕಾಂತಿ ಎಣ್ಣೆಯ ಪಾಕೀಟು. ತನ್ನ ಮನೆಯಲ್ಲಿ ಆರು ವರ್ಷದಿಂದ ಗಾಣದ ಎಣ್ಣೆ ಕಂಡೇ ಇರಲಿಲ್ಲ. ಶೇಂಗಾದ ಅಂಶ ಹಾಗೇ ಉಳಿದಿರುವ ಅಂಥದೊಂದು ಎಣ್ಣೆ ಊರಿನ ಪ್ರತಿ ಮನೆಯ ಒಲೆಯ ಪಕ್ಕ ಇದೆ ಎಂಬುದನ್ನೇ ಅವಳು ಮರೆತುಬಿಟ್ಟಿದ್ದಳು. ತನ್ನ ಮಗಳ ಜೀವಕ್ಕೆ ಬಂದ ತಪ್ಪಿನಲ್ಲಿ ತನ್ನ ಪಾಲೂ ಇದೆ ಎಂದು ತಿಳಿದ ತಾಯಿಯ ಸಂಕಟವನ್ನು ಏನೆಂದು ಹೇಳುವುದು! ಅವಳು ಗೋಡೆಗೆ ಒರಗಿ ಹಾಗೆಯೇ ಕುಸಿದು ಕೂತಳು.

"ನನ್ನ ಹೆಸರು ಬರದು ಕೊಡಬ್ಯಾಡವ್ವಾ," ಎಂದಳು ಫಕ್ಕೀರವ್ವ ಅಳುತ್ತಲೇ. "ಈ ಅಡಗಿ ಕೆಲಸ ಬಿಟ್ರ ನನಗ ಏನೂ ಇಲ್ಲ."

"ಇಲ್ಲ, ಹೋಗು," ಎಂದಳು ಯಾಸ್ಮೀನ. ಹುಡುಗಿಯ ಕಾಲು ಹಿಡಿದ ಕೈ ಅದೇ ಅಲ್ಲವೇ!

ಸೋಮವಾರ ಕುಬೇರಪ್ಪನವರು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದರು. ಈ ಸಲ ಅವರ ಮಾತಿನಲ್ಲಿ ಹೆದರಿಕೆಯೇ ಹೆಚ್ಚಿತ್ತು.

"ನೋಡ್ರಿ ಸಮೀವುಲ್ಲಾ, ನಮ್ಮ ಕಡೆಯಿಂದ ಆಗೂದೆಲ್ಲಾ ಮಾಡಿದ್ವಿ. ಚಿಕ್ಕಿ ಬಿಟ್ವಿ, ಡಬ್ಬಿ ನೋಡಿದ್ವಿ, ಹುಡುಗರ ಕೈ ಮೂಸಿದ್ವಿ. ನಿಮ್ಮ ತಂದಿಯವರು ದಂಧೆ ಬಿಟ್ರು. ಆದ್ರೂ ಆತು. ಇನ್ನ ಯಾವುದರಾಗ ಏನೈತಿ ಅಂತ ನಾ ಹೆಂಗ ಹೇಳ್ಲಿ? ಎರಡ ದಾರಿ ಅದಾವ. ದಾಖಲಾತಿ ತಗಸಿ ಬ್ಯಾರೆ ಶಾಲಿಗೆ ಒಯ್ಯಿರಿ. ಇಲ್ಲಾ, ಹುಡುಗಿ ಮನಿ ಡಬ್ಬಿ ತಂದು ನನ್ನ ಕೋಣಿ ಮುಂದಿನ ಪಡಸಾಲಿಯೊಳಗ ಒಬ್ಬಾಕೀನ ಕುಂತು ಉಣ್ಣಲಿ. ಅದಕ್ಕ ನೀವು ಬರದು ಕೊಡಬೇಕು."

"ಬ್ಯಾರೆ ಶಾಲಿಯೊಳಗ ಶೇಂಗಾ ಇರೂದಿಲ್ಲೇನ್ರಿ?" ಎಂದಳು ಯಾಸ್ಮೀನ.

ಕುಬೇರಪ್ಪನವರು ಬರೆದಿಟ್ಟ ಕಾಗದವನ್ನು ಮೇಜಿನ ಮೇಲೆ ಸರಿಸಿದರು. ಸಮೀವುಲ್ಲಾ ಓದಿದ. 'ನಮ್ಮ ಮಗಳನ್ನು ಊಟದ ವೇಳೆ ಪ್ರತ್ಯೇಕವಾಗಿ ಕೂರಿಸಲು ನಾವು ನಮ್ಮ ಸ್ವಇಚ್ಛೆಯಿಂದ ಕೋರಿರುತ್ತೇವೆ. ಮಗುವಿಗೆ ಏನಾದರೂ ಆದಲ್ಲಿ ಶಾಲೆಯು ಹೊಣೆಯಲ್ಲ.'

"ಸ್ವಇಚ್ಛೆ ಅಂತ ಯಾಕ್ರಿ ಸರ್?" ಎಂದ ಸಮೀವುಲ್ಲಾ.

"ಮತ್ತೇನ್ ಬರೀಲಿ ತಮ್ಮಾ? ನಾ ಕುಂಡ್ರಸೀನಿ ಅಂತ ಬರದ್ರ ನನ್ನ ಮನಿ ಹಾಳಾಗತೈತಿ."

ಸಮೀವುಲ್ಲಾ ಹೆಂಡತಿಯ ಕಡೆ ನೋಡಿದ. ಯಾಸ್ಮೀನ ಕಿಟಕಿಯ ಕಡೆ ನೋಡುತ್ತಿದ್ದಳು. ಅವನು ಸಹಿ ಮಾಡಿದ. ಆಮೇಲೆ ಅವಳೂ ಮಾಡಿದಳು.

ಚಿಕ್ಕಿ ಮರಳಿ ಬಂತು. ಫರ್ಹಾನಾಳೇ ಅಜ್ಜನ ಹತ್ತಿರ ಹೋಗಿ, "ದಾದಾ, ನೀವೂ ಭಟ್ಟಿ ಹಚ್ಚರಿ. ಇನ್ನ ಯಾರೂ ಏನೂ ಅನ್ನೂದಿಲ್ಲ," ಎಂದಳು. ನಬಿಸಾಬ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಶೆಡ್ಡಿಗೆ ಹೋಗಿ ಉಸುಕು ಕಾಯಿಸಿದರು. ಬಸ್ ನಿಲ್ದಾಣದ ಮುಂದೆ ಅವರ ಗಾಡಿ ಕಂಡು ಜನ ಖುಷಿಪಟ್ಟರು. ಅಮೀನಬಿ ಮತ್ತೆ ಅಮೃತವ್ವನ ಕಟ್ಟೆಗೆ ಹೋಗತೊಡಗಿದರು. ಎಲ್ಲ ಮೊದಲಿನ ಹಾಗೆಯೇ ಆಯಿತು.

ಯಾಸ್ಮೀನ ದಿನಾ ಮಧ್ಯಾಹ್ನ ಡಬ್ಬಿ ಒಯ್ದು ಕೊಟ್ಟು, ಹುಡುಗಿ ಉಣ್ಣುವ ತನಕ ಔಷಧದ ಚೀಲ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಫರ್ಹಾನಾ ಉಣ್ಣುತ್ತಿದ್ದಳು. ಅಂಗಳದ ಆಚೆ ಮಕ್ಕಳೆಲ್ಲ ಸಾಲಾಗಿ ಕೂತು ಗದ್ದಲ ಮಾಡುತ್ತ ಉಣ್ಣುತ್ತಿದ್ದರು. ಒಂದೆರಡು ದಿನ ರೇಷ್ಮಾ ಹತ್ತು ಹೆಜ್ಜೆ ದೂರ ನಿಂತು ಏನೋ ಕೂಗಿ ಹೇಳಿ ನಗಿಸಿದಳು. ಮೂರನೆಯ ದಿನ ಆಟಕ್ಕೆ ಓಡಿಹೋದಳು. ಮಕ್ಕಳಲ್ಲವೇ!

ಆರು ವಾರದಲ್ಲಿ ಆಗದ ರಾಜಿ ಹುಡುಗಿ ಬೇರೆ ಕೂತದ್ದರಿಂದ ಆಯಿತೆಂದು ಸಮೀವುಲ್ಲಾ ಹೇಳಿದ. "ಈಗ ಯಾರೂ ಅಕಿಗೆ ಏನೂ ಅನ್ನೂದಿಲ್ಲ. ಆರಾಮ ಅದಾಳ," ಎಂದ. ಯಾಸ್ಮೀನಳಿಗೂ ಹಾಗೆ ನಂಬಬೇಕೆಂದೇ ಇತ್ತು.

ಅಕ್ಟೋಬರಿನ ಒಂದು ರವಿವಾರ ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಇದ್ದರು. ನಬಿಸಾಬ ಅಂದು ಗಾಡಿ ಹೊರಡಿಸಿರಲಿಲ್ಲ. ಅಮೀನಬಿ ತಾವೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಬಡಿದಿದ್ದರು. ಅತ್ತೆ ಸೊಸೆ ನಡುವೆ ಮಾತು ಶುರುವಾಗಿತ್ತು. ನಡುಮನೆಯಲ್ಲಿ ದಸ್ತರಖಾನದ ಬಟ್ಟೆ ಹಾಸಿ, ಐದು ತಾಟು ಇಟ್ಟು, ಬದನೆಕಾಯಿ ಪಲ್ಯದ ಪಾತ್ರೆ ನಡುವೆ ತಂದಿಟ್ಟರು. ಫರ್ಹಾನಾ ತನ್ನ ತಾಟಿಗೆ ರೊಟ್ಟಿ, ಪಲ್ಯ ಹಾಕಿಕೊಂಡಳು. ಹಾಕಿಕೊಂಡು ಎದ್ದು, ಹೊರಗಿನ ಕಟ್ಟೆಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ಕೂತಳು.

"ಯಾಕವ್ವಾ, ಅಲ್ಯಾಕ ಹೊಂಟಿ?" ಎಂದರು ಅಮೀನಬಿ.

"ಇಲ್ಲೇ ಛಲೋ ಅನಸತೈತಿ ದಾದಿ."

"ಇದು ನಮ್ಮ ಮನಿ ಬೇಟಿ," ಎಂದರು ನಬಿಸಾಬ. "ಇಲ್ಲಿ ಏನೂ ಇಲ್ಲ. ಬಾ, ಎಲ್ಲಾರೂ ಕೂಡಿ ಉಣ್ಣೂಣು."

"ಗೊತ್ತೈತಿ ದಾದಾ."

ಗೊತ್ತಿದ್ದೂ ಅವಳು ಏಳಲಿಲ್ಲ. ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ತನ್ನ ಪಾಡಿಗೆ ತಾನು ಉಣ್ಣುತ್ತಿದ್ದಳು. ಒಳಗೆ ನಾಲ್ವರೂ ತಾಟಿನ ಮುಂದೆ ಕೈ ಕಟ್ಟಿ ಕೂತಿದ್ದರು. ಯಾಸ್ಮೀನ ಎದ್ದು ಬಾಗಿಲಿಗೆ ಬಂದು ಮಗಳ ಬೆನ್ನ ಹಿಂದೆ ನಿಂತಳು.

ಫರ್ಹಾನಾ ಹಿಂದಿರುಗಿ ತಾಯಿಯನ್ನು ನೋಡಿದಳು. ಅವಳಿಗೆ ಕರುಣೆ ಬಂದಿರಬೇಕು.

"ನೀವೆಲ್ಲಾ ಆರಾಮ ಉಣ್ರಿ ಅಮ್ಮಿ," ಎಂದಳು. "ನಂದು ಮುಗದ ಮ್ಯಾಲ ನಾ ಒಳಗ ಬರತೀನಿ."